ಫಂಡು ಸಾಲದು ಎಂಬ ನನ್ನ ಮೊಹರು

ಹೋದ ಮಂಗಳವಾರ ಬೆಳಿಗ್ಗೆ ಸೊಪ್ಪಿನ ನಂಜಮ್ಮ ನನ್ನನ್ನು ಎರಡು ಪದಗಳ ಅರ್ಥ ಕೇಳಿದಳು. ನಾನು ಹೈಸ್ಕೂಲು ಮುಗಿಸಿದವನು. ಮೂವತ್ತು ವರ್ಷ ಕಛೇರಿಯಲ್ಲಿ ಕೂತು ಬರೆದವನು. ವಾರವಾರ ಪತ್ರಿಕೆಯ ಈ ಜಾಗದಲ್ಲಿ ನಿಮಗೆ ಬುದ್ಧಿ ಹೇಳುವವನು. ಅರ್ಥ ಗೊತ್ತಿರಲಿಲ್ಲವೇ? ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಆ ಎರಡು ಪದ ಬಲ್ಲವರು ಇನ್ನೊಬ್ಬರಿಲ್ಲ. ಆದರೂ ಹೇಳಲು ಬಾಯಿ ಬರಲಿಲ್ಲ.

ಹೋದ ವಾರ ಕಾಫಿ ಕ್ಲಬ್ಬುಗಳ ಬಗ್ಗೆ ಬರೆದು ನಿಮ್ಮನ್ನು ನಗಿಸಿದೆ. ಈ ವಾರ ನಗಿಸುವುದಿಲ್ಲ. ಒಂದು ತಪ್ಪನ್ನು ಒಪ್ಪಿಕೊಳ್ಳುವುದಿದೆ.

ನಂಜಮ್ಮ ಬಸವನಗುಡಿಯ ನಮ್ಮ ರಸ್ತೆಗೆ ದಿನಾ ಸೊಪ್ಪು ತರುವವಳು. ಮೂವತ್ತರ ಆಸುಪಾಸಿನ ಹೆಂಗಸು. ಬಡಾವಣೆಯ ಕೊನೆಯಲ್ಲಿ, ತೋಟಗಳು ಶುರುವಾಗುವ ಕಡೆ, ಒಂದು ಕೇರಿ ಇದೆಯಲ್ಲ, ಅಲ್ಲಿಯವಳು. ಹಿಂದೆ ಅವಳ ತಾಯಿ ಮುನಿಯಮ್ಮ ತರುತ್ತಿದ್ದಳು. ತಾಯಿ ಹೋದ ಮೇಲೆ ಬುಟ್ಟಿ ಇವಳ ತಲೆಗೆ ಬಂತು.

ಅವತ್ತು ನನ್ನ ಹೆಂಡತಿಗೆ ಸೊಪ್ಪು ಕೊಟ್ಟಾದ ಮೇಲೂ ನಂಜಮ್ಮ ಬುಟ್ಟಿ ಎತ್ತಲಿಲ್ಲ. ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದು, ಜಗಲಿಯ ಮೇಲೆ ಕೂತಿದ್ದ ನನ್ನ ಮುಂದೆ ಹಿಡಿದಳು.

“ಸ್ವಾಮಿ, ಒಸಿ ಓದಿ ಹೇಳಿ. ನಮ್ಮ ಕೇರಿಯೋರೆಲ್ಲ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದ ಅರ್ಜಿ. ನೆನ್ನೆ ವಾಪಸ್ ಬಂತು.”

“ಏನಂತ ಅರ್ಜಿ?”

“ಇಸ್ಕೂಲಿಂದು ಸ್ವಾಮಿ. ನಮ್ಮ ಕೇರಿ ಹೆಣ್ಮಕ್ಕಳ ಇಸ್ಕೂಲ್ನಾಗೆ ಎರಡನೇ ಕ್ಲಾಸೇ ಕೊನೆ. ನಮ್ಮ ಗೌರಿ ಎರಡನೇದು ಪಾಸಾಗವ್ಳೆ. ಮೂರನೇದಕ್ಕೆ ಚಾಮರಾಜಪೇಟೆಗೆ ಹೋಗ್ಬೇಕಂತೆ. ನಾನು ನಸುಕಿಗೇ ತೋಟಕ್ಕೋಗ್ತೀನಿ, ಅವ್ರಪ್ಪ ಗಾಡಿ ಹೊಡೀತಾನೆ. ಅಷ್ಟು ದೂರ ಮಗೀನ ಯಾರು ಬಿಟ್ಟು ಬರ್ತಾರೆ, ಯಾರು ಕರ್ಕೊಂಡು ಬರ್ತಾರೆ? ಅದಕ್ಕೇ ಮೂರನೇ ಕ್ಲಾಸು ನಮ್ಮಲ್ಲೇ ಮಾಡಿ, ಇನ್ನೊಬ್ರು ಉಪಾಧ್ಯಾಯಿನೀನ ಕೊಡಿ ಅಂತ ಕೇಳ್ಕೊಂಡ್ವಿ.”

“ಉಪಾಧ್ಯಾಯಿನಿ” ಅನ್ನುವ ಪದವನ್ನು ಅವಳು ಒಂದು ಅಕ್ಷರವೂ ತಪ್ಪದೆ ಹೇಳಿದಳು. ಮಗಳು ಕಲಿಸಿರಬೇಕು.

ಕಾಗದ ತಿರುಗಿಸಿದೆ. ಕಛೇರಿಯವರು ಅರ್ಜಿಯ ಬೆನ್ನ ಮೇಲೇ ಉತ್ತರ ಬರೆದು ಕಳುಹಿಸುತ್ತಾರೆ. ಅದಕ್ಕೆ ಹಿಂಬರಹ ಅಂತ ಹೆಸರು. ಇಲ್ಲಿ ಬರಹವೇ ಇರಲಿಲ್ಲ. ನೇರಳೆ ಮಸಿಯ ಒಂದು ರಬ್ಬರ್ ಮೊಹರು, ಅದರ ಕೆಳಗೆ ಯಾರದೋ ಅರ್ಧ ಸಹಿ. ಮೊಹರಿನಲ್ಲಿ ಎರಡೇ ಪದ.

ಫಂಡು ಸಾಲದು.

ಓದಿ ಹೇಳಿದೆ.

“ಹಂಗಂದ್ರೇನು ಸ್ವಾಮಿ?”

“ಹಣ... ಹಣ ಇಲ್ಲ ಅಂತ.”

“ಇಲ್ಲ ಅಂತಾನಾ, ಸಾಲ್ದು ಅಂತಾನಾ?”

“ಸಾಲದು ಅಂತ.”

“ಎಷ್ಟು ಸಾಲ್ದಂತೆ?”

ನಾನು ಕಾಗದವನ್ನು ಮತ್ತೆ ಮುಂಬದಿಗೆ ತಿರುಗಿಸಿದೆ. ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ಏನ್ರೀ, ಅವಳು ಕೇಳ್ತಿದಾಳೆ, ಕೇಳಿಸ್ಲಿಲ್ವೇನು?”

ಕೇಳಿಸಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಇವಳ ತಾಯಿಯ ಬಾಯಲ್ಲೂ ಕೇಳಿದ್ದೆ. ಅದೇ ದನಿ. ಅದೇ ಮೊಹರು.

ಅಲ್ಲ, ಅದೇ ಮೊಹರಲ್ಲ. ಇದು ಬೇರೆ ಕಛೇರಿ. ಆದರೆ ಇಂಥ ಮೊಹರನ್ನು ನಾನು ಕಂಡ ಮಟ್ಟಿಗೆ ಮೊದಲು ಮಾಡಿಸಿದವನು ಯಾರು ಗೊತ್ತೇ? ನಾನು.

ನಮ್ಮದು ಕಾಟನ್‌ಪೇಟೆಯ ಅಂಗಡಿಯ ಮನೆತನ. ನಮ್ಮ ಅಪ್ಪ ಹತ್ತಿ, ನೂಲು, ಹಗ್ಗ ಮಾರುತ್ತಿದ್ದರು. ಲಿಂಗಪೂಜೆ ಮುಗಿಸಿ, ವಿಭೂತಿ ಇಟ್ಟು, ಗಾದಿಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅಂಗಡಿಗೆ ಬಂದವರು ಕೇಳಿದಷ್ಟು ಹಗ್ಗ ಇಲ್ಲದಿದ್ದರೆ ಅಪ್ಪ ಎಂದೂ ಬರೀ “ಸಾಲದು” ಅನ್ನುತ್ತಿರಲಿಲ್ಲ. “ಇಷ್ಟಿದೆ, ತಗೊಂಡು ಹೋಗಿ. ಇನ್ನು ನಾಲ್ಕು ಮಾರು ಕಡಿಮೆ ಬೀಳುತ್ತೆ. ಶುಕ್ರವಾರ ಬನ್ನಿ” ಅನ್ನುತ್ತಿದ್ದರು. ಇದ್ದದ್ದೆಷ್ಟು, ಕಡಿಮೆ ಎಷ್ಟು, ಬರುವುದು ಯಾವಾಗ. ಮೂರೂ ಒಂದೇ ಉಸಿರಿನಲ್ಲಿ.

ಮನೆಯೊಳಗೂ ಹಾಗೆಯೇ. ಊಟದ ಹೊತ್ತಿಗೆ ನಾಲ್ಕು ಜನ ನೆಂಟರು ಬಂದರೆ ನಮ್ಮಮ್ಮ ಅಡುಗೆಮನೆಯಿಂದ ಮೆಲ್ಲಗೆ “ಸಾರು ಸಾಲದು” ಅನ್ನುತ್ತಿದ್ದಳು. ಹಾಗೆಂದು ಒಲೆ ಆರಿಸಿ ಕೂರುತ್ತಿದ್ದಳೇ? ಆ ಮಾತು ಬಾಯಿಂದ ಬೀಳುವಷ್ಟರಲ್ಲಿ ಕೈ ಆಗಲೇ ಬೇಳೆ ಡಬ್ಬಿಯಲ್ಲಿ ಇರುತ್ತಿತ್ತು. ನೀರು ಕುದಿಯುತ್ತಿತ್ತು. ನಮ್ಮ ಮನೆಯಲ್ಲಿ “ಸಾಲದು” ಅಂದರೆ ಕೆಲಸ ಶುರುವಾಯಿತು ಅಂತ.

ಕಛೇರಿಗೆ ಸೇರಿದ ಮೇಲೆ ಗೊತ್ತಾಯಿತು. ಅಲ್ಲಿ “ಸಾಲದು” ಅಂದರೆ ಕೆಲಸ ಮುಗಿಯಿತು ಅಂತ.

ಊರಿನ ನೀರು, ದೀಪ, ಚರಂಡಿಗಳ ಅರ್ಜಿಗಳು ಬರುವ ಕಛೇರಿ ಅದು. ಹೆಸರು ಬೇಡ. ತಪ್ಪು ನನ್ನದು, ಕಟ್ಟಡದ್ದಲ್ಲ. ಪ್ಲೇಗು ಬಂದು ಹೋದ ಮೇಲಿನ ವರ್ಷಗಳು. ಪೇಟೆಯ ಗಲ್ಲಿಗಳಲ್ಲಿ ಉಸಿರು ಕಟ್ಟಿ ಬದುಕಿದ್ದವರೆಲ್ಲ ಹೊಸ ಬಡಾವಣೆಗಳಿಗೆ ಬಂದರು. ಇತ್ತ ಬಸವನಗುಡಿ, ಅತ್ತ ಮಲ್ಲೇಶ್ವರ. ಅಗಲ ರಸ್ತೆ, ಗಾಳಿ, ಬೆಳಕು ಎಲ್ಲ ಇತ್ತು. ನೀರೊಂದು ಎಲ್ಲರಿಗೂ ಬಂದಿರಲಿಲ್ಲ. ಹಾಗಾಗಿ ಅರ್ಜಿ. ದಿನಕ್ಕೊಂದು ಕಟ್ಟು ಅರ್ಜಿ.

ನಾನು ಹೆಡ್ ಗುಮಾಸ್ತ. ಪ್ರತಿ ಅರ್ಜಿಯ ಮೇಲೂ ಟಿಪ್ಪಣಿ ಬರೆಯಬೇಕು. ಅದರ ಕೆಳಗೆ ಸಾಹೇಬರು ಸಹಿ ಮಾಡಬೇಕು. ಮೊದಮೊದಲು ರಿಜಿಸ್ಟರ್ ತೆಗೆದು, ಯಾವ ಬಾಬ್ತಿನಲ್ಲಿ, ಅಂದರೆ ಯಾವ ಖರ್ಚಿನ ಲೆಕ್ಕದಲ್ಲಿ, ಏನಿದೆ ನೋಡಿ ಬರೆಯುತ್ತಿದ್ದೆ. ಆಮೇಲೆ ನೋಡದೆ ಬರೆಯತೊಡಗಿದೆ. ಹೇಗೂ ಹತ್ತರಲ್ಲಿ ಎಂಟಕ್ಕೆ ಅದೇ ಉತ್ತರ ತಾನೇ? ಕೈ ನೋಯುತ್ತಿತ್ತು. ಒಂದು ದಿನ ದೊಡ್ಡಪೇಟೆಯ ಅಂಗಡಿಯಲ್ಲಿ ಮೊಹರು ಮಾಡಿಸಿಕೊಂಡು ಬಂದೆ. ಫಂಡು ಸಾಲದು. ನೇರಳೆ ಮಸಿ.

ನನ್ನ ಕೈ ಕೆಳಗಿದ್ದ ಶ್ರೀಕಂಠಯ್ಯ ಅದನ್ನು ನೋಡಿ ನಕ್ಕ. “ಏನ್ ಸಾರ್, ಅರ್ಜಿ ಬರೋಕ್ ಮುಂಚೇನೇ ಉತ್ತರ ರೆಡಿ!”

“ನಿನಗೂ ಒಂದು ಮಾಡಿಸಿಕೊಡ್ಲೇನಯ್ಯ?” ಅಂದೆ.

ಎಲ್ಲರೂ ನಕ್ಕರು. ಸಾಹೇಬರಿಗೂ ಇಷ್ಟವಾಯಿತು. ನನ್ನ ಅಕ್ಷರ ಓದುವ ಕಷ್ಟ ಅವರಿಗೆ ತಪ್ಪಿತಲ್ಲ.

ಎಂಥ ಅನುಕೂಲದ ಮಾತು ಅದು, ಯೋಚಿಸಿ ನೋಡಿ. “ಕೊಡುವುದಿಲ್ಲ” ಅಂದರೆ ಜಗಳಕ್ಕೆ ಬರುತ್ತಾರೆ. “ನಿಮಗೇಕೆ ಕೊಡಬೇಕು” ಅಂದರೆ ಪತ್ರಿಕೆಗೆ ಬರೆಯುತ್ತಾರೆ. “ಫಂಡು ಸಾಲದು” ಅಂದರೆ? ತಲೆಯಾಡಿಸಿ ಹೋಗುತ್ತಾರೆ. ಯಾರ ಮೇಲೆ ಸಿಟ್ಟಾಗುವುದು? ಮಳೆ ಸಾಲದು ಅಂದ ಹಾಗೆ. ಆಕಾಶದಿಂದ ಬಿದ್ದಿದ್ದೇ ಅಷ್ಟು, ಏನು ಮಾಡೋಣ.

(ಆದರೆ ಫಂಡು ಆಕಾಶದಿಂದ ಬೀಳುವುದಿಲ್ಲ. ಯಾರೋ ಕೂತು ಹಂಚುತ್ತಾರೆ. ದೊಡ್ಡವರೊಬ್ಬರು ಊರಿಗೆ ಬಂದಾಗ ರಸ್ತೆಯುದ್ದ ಹಸಿರು ಚಪ್ಪರ, ಬಾವುಟ, ಬ್ಯಾಂಡು ಆಯಿತು. ಆ ಕಾಗದಗಳೂ ನನ್ನ ಮೇಜಿನ ಮೇಲಿಂದಲೇ ಹೋದವು. ಒಂದಕ್ಕೂ ನಾನು ಆ ಮೊಹರು ಒತ್ತಲಿಲ್ಲ.)

ಈಗ ಮುನಿಯಮ್ಮನ ವಿಷಯ.

ಅವಳ ಕೇರಿಯಲ್ಲಿ ಇದ್ದದ್ದು ಒಂದೇ ಬಾವಿ. ಉಪ್ಪು ನೀರು. ಬೇಳೆ ಬೇಯದು, ಸೋಪು ನೊರೆ ಬಾರದು. ಕುಡಿಯುವ ನೀರಿಗೆ ದೊಡ್ಡ ರಸ್ತೆಯ ಕೊಳಾಯಿಗೇ ಬರಬೇಕು, ಹೋಗಿ ಬರುವುದೇ ಅರ್ಧ ಗಂಟೆ. ಆ ಕೊಳಾಯಿ ಇದ್ದದ್ದು ನನ್ನ ಮನೆಯ ಎದುರಿಗೆ. (ನನ್ನ ಮನೆಯ ಎದುರಿಗೇ ಹೇಗೆ ಬಂತು ಅಂತ ಕೇಳುತ್ತೀರಾ? ಅದಕ್ಕೆ ಫಂಡು ಸಾಕಾಯಿತು.)

ತಮ್ಮ ಕೇರಿಗೂ ಒಂದು ಕೊಳಾಯಿ ಬೇಕೆಂದು ಅವರ ಅರ್ಜಿ ಬಂತು. ಮೊಹರು ಒತ್ತಿದೆ. ಸಾಹೇಬರು ಸಹಿ ಮಾಡಿದರು. ಅಷ್ಟೇ ಹೊತ್ತು ಹಿಡಿದದ್ದು.

ನಾಲ್ಕು ದಿನದ ಮೇಲೆ ಮುನಿಯಮ್ಮ ಖಾಲಿ ಬುಟ್ಟಿ ಹಿಡಿದು ಕಛೇರಿಗೇ ಬಂದಳು. ಗುರುವಾರ. ಸೊಪ್ಪು ಮಾರಿ ಮುಗಿಸಿ, ಸಿದ್ಧಿಕಟ್ಟೆಯ ಮಾರ್ಕೆಟ್ಟಿನಿಂದ ನೇರವಾಗಿ. ಬಾಗಿಲಲ್ಲೇ ನಿಂತು ಕೇಳಿದಳು.

“ಬುದ್ದೀ, ನಮ್ ಕೊಳಾಯಿ ಏನಾಯ್ತು?”

“ಫಂಡು ಸಾಲದಮ್ಮ.”

“ಎಷ್ಟು ಸಾಲ್ದು ಬುದ್ದಿ?”

ಎಷ್ಟು? ನನಗೆ ಹೇಗೆ ಗೊತ್ತಿರಬೇಕು? ರಿಜಿಸ್ಟರ್ ತೆಗೆದಿದ್ದರೆ ತಾನೇ ಗೊತ್ತಾಗುವುದು. ಆದರೆ ಸೊಪ್ಪು ಮಾರುವವಳ ಮುಂದೆ ಹೆಡ್ ಗುಮಾಸ್ತ “ಗೊತ್ತಿಲ್ಲ” ಅನ್ನುವುದುಂಟೇ?

“ಯಾಕೆ, ಹೇಳಿದ್ರೆ ನೀನು ತುಂಬಿಕೊಡ್ತೀಯೇನು?” ಅಂದೆ.

ಗುಮಾಸ್ತರ ಸಾಲೇ ಘೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ತನ್ನನ್ನೇ ನೋಡಿ ನಗುತ್ತಿದ್ದಾರೆ ಎಂಬುದು ಅವಳಿಗೆ ತಿಳಿಯಲಿಲ್ಲವೋ, ತಿಳಿದೂ ನಕ್ಕಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನ ಗುರುವಾರ ಮತ್ತೆ ಬಂದಳು. ಈ ಸಲ ಬುಟ್ಟಿ ಖಾಲಿ ಇರಲಿಲ್ಲ. ದಂಟಿನ ಸೊಪ್ಪಿನ ನಾಲ್ಕು ದೊಡ್ಡ ಕಟ್ಟು ತೆಗೆದು ನನ್ನ ಮೇಜಿನ ಪಕ್ಕ ಇಟ್ಟಳು.

“ಇದೇನಮ್ಮ ಇದು?”

“ಮಡೀಕಳಿ ಬುದ್ದಿ. ನಿಮ್ ಕಛೇರೀಲೂ ಕಷ್ಟ ಅಂದ್ರಲ್ಲ ಮೊನ್ನೆ. ಇಷ್ಟು ಜನ ಉಣ್ಣೋರು ಇದೀರ. ಪಾಪ.”

ಲಂಚ ಅಂತ ತಿಳಿಯಬೇಡಿ. ಲಂಚ ಕೊಡುವವರ ಮುಖ ನನಗೆ ಚೆನ್ನಾಗಿ ಗೊತ್ತು. ಇವಳ ಮುಖದಲ್ಲಿ ಇದ್ದದ್ದು ಕನಿಕರ. “ಸಾಲದು” ಅನ್ನುವ ಮಾತಿಗೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ. ಆ ಮನೆಯಲ್ಲಿ ಸಾಕಷ್ಟು ಇಲ್ಲ. ಹಾಗಾದರೆ ನೆರೆಯವರು ಏನಾದರೂ ಕೊಡಬೇಕು.

ಶ್ರೀಕಂಠಯ್ಯ ವಾರವಿಡೀ ಅದನ್ನೇ ಹೇಳಿಕೊಂಡು ನಕ್ಕ. “ಸಾರ್, ಈ ವರ್ಷದ ಗ್ರಾಂಟು ದಂಟಿನ ಸೊಪ್ಪಿನಲ್ಲಿ ಬಂದಿದೆ!”

ಆ ಸೊಪ್ಪನ್ನು ನಾನು ಮನೆಗೆ ತಂದೆ. ಹುಳಿ ಮಾಡಿಸಿ ಉಂಡೆ. ಚೆನ್ನಾಗಿತ್ತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸೋಮಾರಿತನ, ಕುಚೋದ್ಯ, ಅಷ್ಟು ಯಾವ ಕಛೇರಿಯಲ್ಲಿಲ್ಲ?

ಕಛೇರಿಯ ವರ್ಷ ಮುಗಿಯಲು ಮೂರು ವಾರ ಇದ್ದಾಗ ಶ್ರೀಕಂಠಯ್ಯ ಒಂದು ಕಾಗದ ಹಿಡಿದು ಬಂದ. ಅವತ್ತು ಅವನು ನಗುತ್ತಿರಲಿಲ್ಲ.

“ಸಾರ್, ಕೊಳಾಯಿ ಬಾಬ್ತಿನ ಗ್ರಾಂಟು ಹಾಗೇ ಉಳಿದಿದೆ. ಆ ತೋಟದ ಕೇರಿಗೆ ಅಂತಲೇ ಮಂಜೂರಾಗಿದ್ದು. ಅವರ ಅರ್ಜಿ ಬರೋಕೆ ಮುಂಚೇನೇ ಬಂದಿದೆ. ನಾವು ನೋಡೇ ಇಲ್ಲ.”

ಅಂದರೆ, ಮುನಿಯಮ್ಮ ಬಾಗಿಲಲ್ಲಿ ನಿಂತು “ಎಷ್ಟು ಸಾಲ್ದು” ಅಂತ ಕೇಳಿದಾಗ ಸರಿಯಾದ ಉತ್ತರ ಏನಾಗಿತ್ತು? ಏನೂ ಕಡಿಮೆ ಇಲ್ಲ, ಪೂರ್ತಿ ಇದೆ ಅಂತ.

ಮೂರು ವಾರ ಸಾಕಿತ್ತು. ಕೆಲಸಗಾರರಿದ್ದರು, ಕೊಳವೆ ಉಗ್ರಾಣದಲ್ಲಿತ್ತು. ನಾನು ಮಾಡಬೇಕಾದದ್ದು ಒಂದೇ. ಸಾಹೇಬರ ಮುಂದೆ ಹೋಗಿ, “ಸಾರ್, ನಾನು ರಿಜಿಸ್ಟರ್ ನೋಡದೆ ಮೊಹರು ಒತ್ತಿದ್ದೆ, ತಾವು ಓದದೆ ಸಹಿ ಮಾಡಿದಿರಿ” ಅನ್ನಬೇಕು.

ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದೆ. ಎರಡು ಸಲವೂ ಬೇರೆ ಏನೋ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದೆ.

ಆ ವರ್ಷ ನನ್ನ ಬಡ್ತಿಯ ಮಾತು ನಡೆಯುತ್ತಿತ್ತು. ಇಷ್ಟು ಹೇಳಿದರೆ ನಿಮಗೆ ಅರ್ಥವಾಗುತ್ತದೆ.

“ಸುಮ್ನಿರು” ಅಂತ ಶ್ರೀಕಂಠಯ್ಯನಿಗೆ ಹೇಳಿದೆ. ಸುಮ್ಮನಿದ್ದ. ವರ್ಷ ಮುಗಿಯಿತು. ಖರ್ಚಾಗದ ಗ್ರಾಂಟು ನಿಯಮದಂತೆ ವಾಪಸು ಹೋಯಿತು. ವರದಿಯಲ್ಲಿ ಅದಕ್ಕೊಂದು ಒಳ್ಳೆಯ ಹೆಸರು ಬರೆದೆವು. ಉಳಿತಾಯ. ಸಾಹೇಬರಿಗೆ ಮೇಲಿನಿಂದ ಮೆಚ್ಚುಗೆ ಬಂತು. ನನಗೆ ಬಡ್ತಿ ಬಂತು.

ಆ ಕೇರಿಗೆ ಕೊಳಾಯಿ ಬಂದದ್ದು ನಾಲ್ಕು ವರ್ಷಗಳ ಮೇಲೆ.

ನಾಲ್ಕು ವರ್ಷ ದೊಡ್ಡದೇನಲ್ಲ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡೆ. ಯಾರೂ ಸಾಯಲಿಲ್ಲ. ಜಗಳ ಆಗಲಿಲ್ಲ. ಆದರೆ ಆ ನಾಲ್ಕು ವರ್ಷ ನಾನು ದಿನಾ ಬೆಳಿಗ್ಗೆ ಕಛೇರಿಗೆ ಹೊರಟಾಗ ನನ್ನ ಮನೆಯ ಎದುರಿನ ಕೊಳಾಯಿಯ ಸಾಲನ್ನು ದಾಟಿಕೊಂಡೇ ಹೋಗಬೇಕಿತ್ತು.

ನೀರು ಬಿಡುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಸಾಲಿನಲ್ಲಿ ಬಿಂದಿಗೆ ಇಟ್ಟು ಹೋದರೆ ಆಗುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದ ಬಿಂದಿಗೆಗೆ ಅದೇನೋ ಕಾಲು ಬರುತ್ತದೆ. ತಾನಾಗಿಯೇ ಹಿಂದೆ ಹಿಂದೆ ಹೋಗುತ್ತದೆ. ಹಾಗಾಗಿ ಪ್ರತಿ ಬಿಂದಿಗೆಗೂ ಒಬ್ಬರು ನಿಲ್ಲಬೇಕು. ಮುನಿಯಮ್ಮ ಆ ಹೊತ್ತಿಗೆ ಮಾರ್ಕೆಟ್ಟಿನಲ್ಲಿ. ಅವಳ ಬಿಂದಿಗೆಯ ಪಕ್ಕ ನಿಲ್ಲುತ್ತಿದ್ದವಳು ಎಂಟು ವರ್ಷದ ಮಗಳು, ನಂಜಿ. ಕಂಕುಳಲ್ಲಿ ಸ್ಲೇಟು.

ಒಂದು ದಿನ ನಾನೇ ಕೇಳಿದೆ. “ಏನೇ, ಸ್ಕೂಲಿಗೆ ಹೊತ್ತಾಗಲ್ವೇನೇ?”

“ನೀರು ತುಂಬ್ಕೊಂಡು ಹೋಯ್ತೀನಿ ಸ್ವಾಮಿ.”

ಮರುವರ್ಷ ಅದೇ ಜಾಗದಲ್ಲಿ ನಿಂತಿದ್ದಳು. ಸ್ಲೇಟು ಇರಲಿಲ್ಲ. ಮತ್ತೆ ಕೇಳಿದೆ. ಯಾಕೆ ಕೇಳಿದೆನೋ.

“ಬಿಟ್ಬಿಟ್ಟೆ ಸ್ವಾಮಿ. ದಿನಾ ತಡವಾಗಿ ಬರೋರು ಬೇಡ ಅಂದ್ಬಿಟ್ರು.”

ಕೊಡೆ ಬಿಚ್ಚಿಕೊಂಡು ಕಛೇರಿಗೆ ಹೋದೆ.

ಆ ನಂಜಿಯೇ ಹೋದ ಮಂಗಳವಾರ ನನ್ನ ಜಗಲಿಯ ಮುಂದೆ ನಿಂತಿದ್ದ ನಂಜಮ್ಮ. ನಾನು ಒತ್ತಿದ ಎರಡು ಪದಗಳಿಂದ ಓದು ಕಲಿಯಲಾಗದವಳು, ಆ ಎರಡೇ ಪದಗಳನ್ನು ನನ್ನ ಮುಂದೆ ಹಿಡಿದು ಓದಿ ಹೇಳಿ ಅನ್ನುತ್ತಿದ್ದಳು.

ಹೇಳಿಬಿಟ್ಟೆ. ನಿಮಗೆ ಹೇಳಿದ ಹಾಗೆ ಸಾಲಾಗಿ ಅಲ್ಲ, ಹಿಂದುಮುಂದಾಗಿ, ತೊದಲುತ್ತ. ಮೊಹರು, ರಿಜಿಸ್ಟರು, ಉಳಿದ ಗ್ರಾಂಟು, ಮೂರು ವಾರ. ನನ್ನ ಹೆಂಡತಿ ಸೊಪ್ಪು ಸೋಸುವ ಮೊರ ಹಿಡಿದು ಬಾಗಿಲಿಗೆ ಬಂದು ನಿಂತಳು. ನಲವತ್ತು ವರ್ಷ ಜೊತೆಗಿದ್ದವಳು. ಅವಳಿಗೂ ಇದನ್ನು ಹೇಳಿರಲಿಲ್ಲ.

ನಂಜಮ್ಮ ಬುಟ್ಟಿಯ ಅಂಚು ಹಿಡಿದು ಕುಕ್ಕರಗಾಲಲ್ಲಿ ಕೂತು ಕೇಳಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

“ಅವ್ವ ನಿಮ್ ಕಛೇರೀಗೆ ಸೊಪ್ಪು ತಂದ್ಕೊಟ್ಟಿದ್ಲಲ್ವಾ?” ಅಂದಳು.

“ಹೂಂ.”

“ಸಾಯೋಗಂಟ ಹೇಳ್ತಿದ್ಲು. ಪಾಪ, ಅವ್ರತ್ರಾನೂ ಇರ್ನಿಲ್ಲ ಕಣೇ, ಇದ್ದಿದ್ರೆ ಕೊಡ್ತಿದ್ರು ಅಂತ.”

ಬುಟ್ಟಿಯ ಮೇಲಿನ ಬಟ್ಟೆ ಸರಿ ಮಾಡಿದಳು.

“ನಾನೂ ಹಂಗೇ ಅನ್ಕೊಂಡಿದ್ದೆ” ಅಂದಳು.

ಆಮೇಲೆ ಎದ್ದು ನಿಂತು, ಕಾಗದದ ಕಡೆ ಬೆರಳು ಮಾಡಿ ಕೇಳಿದಳು. “ಇದೂ ಅಂಥದ್ದೇನಾ?”

“ಗೊತ್ತಿಲ್ಲ ನಂಜಮ್ಮ. ನಿಜವಾಗಿಯೂ ಸಾಲದೇ ಇರಬಹುದು. ಇದ್ದರೂ ಇರಬಹುದು.”

“ಗೊತ್ತು ಮಾಡ್ಕೊಳ್ಳೋದೆಂಗೆ?”

ಅದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಕಛೇರಿಯಲ್ಲಿ ಕೂತು ನಾನು ಹೆದರಿದ್ದು ಒಂದೇ ಪ್ರಶ್ನೆಗೆ. ಬೈಗುಳಕ್ಕಲ್ಲ, ಕಣ್ಣೀರಿಗಲ್ಲ, ಪತ್ರಿಕೆಗಳಿಗೂ ಅಲ್ಲ. ಮೊಹರು ಒತ್ತಲು ರಿಜಿಸ್ಟರ್ ತೆಗೆಯಬೇಕಿಲ್ಲ. ಆದರೆ “ಯಾವ ಬಾಬ್ತಿನಲ್ಲಿ, ಎಷ್ಟು ಕಡಿಮೆ” ಅಂತ ಅರ್ಜಿದಾರರು ಬರವಣಿಗೆಯಲ್ಲಿ ಕೇಳಿದರೆ ತೆಗೆಯಲೇಬೇಕು. ಬರೆದ ಪ್ರಶ್ನೆಗೆ ಬರೆದೇ ಉತ್ತರ ಕೊಡಬೇಕು. ಬಾಯಲ್ಲಿ ಕೇಳಿದರೆ ನಕ್ಕು ಕಳುಹಿಸಬಹುದು, ನಾನು ಮುನಿಯಮ್ಮನನ್ನು ಕಳುಹಿಸಿದ ಹಾಗೆ. ಬರೆಯಲು ಬರುವವರು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಕೇಳಬೇಕೆಂದು ಹೊಳೆದವಳಿಗೆ ಬರೆಯಲು ಬರುತ್ತಿರಲಿಲ್ಲ.

“ಹೊಸ ಅರ್ಜಿ ಬರೆಯೋಣ” ಅಂದೆ. “ನಾನು ಬರೀತೀನಿ.”

“ಬರೀರಿ. ಅದರಾಗೆ ನಿಮ್ದೂ ಬರೀರಿ.”

“ನನ್ನದೇನು?”

“ಈಗ ಹೇಳಿದ್ರಲ್ಲ, ಅದೇಯಾ. ನಾವು ಕೇಳಿದ್ರೆ ಇವರಿಗೇನು ಗೊತ್ತಾಯ್ತದೆ ಅಂತಾರೆ. ಮೊಹರು ಒತ್ತಿದೋರೇ ಹೇಳಿದ್ರೆ ಏನಂತಾರೆ?”

ನನ್ನ ಹೆಂಡತಿ ಆಗ ಬಾಯಿ ಬಿಟ್ಟಳು. “ಅಯ್ಯೋ, ಇವರ ಪೆನ್ಶನ್ನಿಗೆ ಏನಾದ್ರೂ ಆದ್ರೆ?”

ನಂಜಮ್ಮ ಅವಳ ಕಡೆ ತಿರುಗಿದಳು. ಖಾರ ಇರಲಿಲ್ಲ, ವ್ಯಾಪಾರದ ದನಿಯೇ. “ಅಮ್ಮಾವ್ರೇ, ಇಸ್ಕೂಲು ತೆಗೆಯೋಕೆ ಇನ್ನೊಂದೇ ತಿಂಗಳು ಐತೆ. ಆಮೇಲೆ ನಮ್ ಗೌರಿ ಬುಟ್ಟಿ ಹಿಡೀತಾಳೆ. ಒಂದ್ಸಲ ಹಿಡಿದ್ರೆ ಮುಗೀತು. ನನ್ನ ನೋಡಿ.”

ನನ್ನ ಹೆಂಡತಿ ಅವಳನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಮಸಿ ಕುಡಿಕೆ, ಲೇಖನಿ ತಂದು ನನ್ನ ಪಕ್ಕ ಇಟ್ಟಳು. ಸ್ವಲ್ಪ ಸದ್ದಾಗುವ ಹಾಗೇ ಇಟ್ಟಳು.

ಬರೆದೆ. “ದಯಮಾಡಿ”, “ತಮ್ಮ ಪಾದಾರವಿಂದಗಳಲ್ಲಿ” ಅಂತೆಲ್ಲ ಹಳೆಯ ಅಭ್ಯಾಸದಿಂದ ಬಂತು. ಹೊಡೆದು ಹಾಕಿದೆ. ಮೂರನೇ ತರಗತಿಗೆ ಒಬ್ಬ ಉಪಾಧ್ಯಾಯಿನಿ ಬೇಕು. ಫಂಡು ಸಾಲದೆಂದು ತಾವು ಹೇಳಿದ್ದೀರಿ. ಯಾವ ಬಾಬ್ತಿನಲ್ಲಿ, ಎಷ್ಟು ಸಾಲದು, ಎಂದು ಬರುತ್ತದೆ, ತಿಳಿಸಬೇಕು. ಹಿಂದೊಮ್ಮೆ ಇದೇ ಕೇರಿಗೆ ಹಣ ಇದ್ದಾಗಲೂ ಇಲ್ಲವೆಂದು ಮೊಹರು ಒತ್ತಿದವನು ನಾನು. ಆದ್ದರಿಂದ ಕೇಳುತ್ತಿದ್ದೇನೆ.

ನನ್ನ ಹೆಸರು ಬರೆದು, ಆಗಿನ ಹೆಡ್ ಗುಮಾಸ್ತ, ಈಗ ನಿವೃತ್ತ ಅಂತ ಸೇರಿಸಿದೆ.

ಬುಧವಾರ ಅದನ್ನು ಹಿಡಿದು ಅವರ ಕೇರಿಗೆ ಹೋದೆ. ಇಷ್ಟು ವರ್ಷ ಕಾಲು ಗಂಟೆಯ ದಾರಿಯಲ್ಲೇ ಇದ್ದೂ ಮೊದಲ ಸಲ. ಕೊಳಾಯಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಿದರು. ನಂಜಮ್ಮನೂ ಒತ್ತಿ, ಬೆರಳಿನ ಮಸಿಯನ್ನು ಕಟ್ಟೆಗೆ ಒರೆಸಿದಳು.

“ನಾನು ಬರೀತೀನಿ” ಅಂತ ಗೌರಿ ಮುಂದೆ ಬಂದಳು. ಬೇಡ ಅನ್ನಲು ಕಾರಣವಿತ್ತು. ಎಂಟು ವರ್ಷದವಳ ಸಹಿ ಯಾವ ಕಛೇರಿಯಲ್ಲೂ ನಡೆಯುವುದಿಲ್ಲ. ಲೇಖನಿ ಕೊಟ್ಟೆ. ನಾಲಿಗೆ ಕಚ್ಚಿಕೊಂಡು, ಎರಡು ಹೆಬ್ಬೆಟ್ಟಿನಷ್ಟು ಜಾಗ ಹಿಡಿದು, ಹೆಸರು ಬರೆದಳು. ಗೌ ಅಕ್ಷರದ ಔತ್ವ ಪಕ್ಕದವರ ಹೆಬ್ಬೆಟ್ಟಿನ ಮೇಲೆ ಹೋಯಿತು.

“ಸ್ವಾಮಿ, ಅವ್ರು ಮತ್ತೆ ಅದೇ ಮೊಹರು ಒತ್ತಿ ಕಳಿಸಿದ್ರೆ?” ನಂಜಮ್ಮ ಕೇಳಿದಳು.

“ಮತ್ತೆ ಕೇಳೋಣ.”

“ಎಷ್ಟು ಸಲ?”

“ಅವರು ರಿಜಿಸ್ಟರ್ ತೆಗೆಯೋವರೆಗೆ.”

“ನಿಮಗೆ ವಯಸ್ಸಾಯ್ತಲ್ಲ ಸ್ವಾಮಿ” ಅಂದಳು. ಕನಿಕರವೋ, ಲೆಕ್ಕಾಚಾರವೋ. ಅವಳ ತಾಯಿಯ ಆ ನಗುವಿನ ಹಾಗೆಯೇ, ಇವಳ ಮುಖವೂ ನನಗೆ ತಿಳಿಯುವುದಿಲ್ಲ. “ಆ ಪ್ರಶ್ನೆ ಬರೆಯೋದು ಹೆಂಗೆ ಅಂತ ಗೌರಿಗೂ ಒಂದು ಸಲ ತೋರ್ಸಿಡಿ.”

ತೋರಿಸಿದೆ. ಎರಡನೇ ಸಲಕ್ಕೇ ತಪ್ಪಿಲ್ಲದೆ ಬರೆದಳು.

ಗುರುವಾರ ಅರ್ಜಿ ಕೊಟ್ಟು ಬಂದೆ. ತೆಗೆದುಕೊಂಡ ಹುಡುಗ ಗುಮಾಸ್ತ ಕಾಗದ ತಿರುಗಿಸಿ ನನ್ನ ಸಹಿ ನೋಡಿದ, ಮತ್ತೆ ನನ್ನ ಮುಖ ನೋಡಿದ. ಅವನ ಮೇಜಿನ ಮೇಲೆ ನೇರಳೆ ಮಸಿಯ ಪ್ಯಾಡು ತೆರೆದೇ ಇತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡುವ ಹಕ್ಕೂ ಇಲ್ಲ.

ಈ ಪತ್ರಿಕೆ ಕಛೇರಿಗಳಿಗೂ ಹೋಗುತ್ತದೆ, ಮಧ್ಯಾಹ್ನದ ಕಾಫಿಯ ಹೊತ್ತಿಗೆ ಓದುತ್ತೀರಿ ಅಂತ ಬಲ್ಲೆ. ನಾನೂ ಹಾಗೇ ಓದುತ್ತಿದ್ದೆ. ಅದಕ್ಕೇ ಇಲ್ಲಿಯೂ ಬರೆದೆ, ಪೆನ್ಶನ್ ಏನಾದರೂ ಆಗಲಿ. ಗುಮಾಸ್ತಪ್ಪಾ, ಆ ಅರ್ಜಿ ನಿನ್ನ ಎಡಗೈ ಪಕ್ಕದ ಕಟ್ಟಿನಲ್ಲಿ, ಮೇಲಿನಿಂದ ಮೂರನೆಯದು. ಸ್ಕೂಲು ತೆಗೆಯಲು ಇನ್ನು ಮೂರು ವಾರ ಇದೆ. ಮೊಹರು ಕೆಳಗಿಡು, ರಿಜಿಸ್ಟರ್ ತೆಗೆ, ನೋಡಿ ಹೇಳು.

ಎಷ್ಟು ಸಾಲದು?